ಏಳು ಸಾವಿರದ ನೈಟ್ ಪ್ಯಾಂಟು

ಭಾನುವಾರ ಬೆಳಿಗ್ಗೆ ಎಂಟಕ್ಕೆ ಲಾಲ್‌ಬಾಗ್ ಸುತ್ತಮುತ್ತಲಿನ ಯಾವ ದರ್ಶಿನಿಗೆ ಹೋದರೂ ಒಲಿಂಪಿಕ್ಸ್ ತಂಡವೇ ತಿಂಡಿಗೆ ಬಂದಂತಿರುತ್ತದೆ. ಎಲ್ಲರ ಕಾಲಲ್ಲೂ ಜಾಗರ್ ಪ್ಯಾಂಟು. ಕಣಕಾಲಿನ ಹತ್ತಿರ ಬಿಗಿ, ಮಂಡಿಯ ಹತ್ತಿರ ಸಡಿಲ, ಜೇಬಿಗೆ ಜಿಪ್ಪು. ಬೆವರು ಮಾತ್ರ ಯಾರಿಗೂ ಇಲ್ಲ. ಬೆವರುತ್ತಿರುವವರು ಒಬ್ಬರೇ, ದೋಸೆ ಕಲ್ಲಿನ ಮುಂದೆ ನಿಂತ ಭಟ್ಟರು. ಅವರು ಉಟ್ಟಿರುವುದು ಪಂಚೆ.

ಓಡುವವರ ಬಟ್ಟೆಯನ್ನು ಕೂರುವವರಿಗೆ ಮಾರುವ ಈ ವ್ಯಾಪಾರಕ್ಕೆ ಅಥ್ಲೀಶರ್ ಅಂತ ಹೆಸರು. ಇದೇ ಸಾಮಾನು ಸಂತೆಯಲ್ಲಿ ಇನ್ನೂರೈವತ್ತಕ್ಕೆ ಸಿಕ್ಕರೆ ನೈಟ್ ಪ್ಯಾಂಟು. ಅದನ್ನು ಹಾಕಿಕೊಂಡು ಹಾಲು ತರಲು ಹೊರಟರೂ ಮನೆಯಾಕೆ ಬಾಗಿಲಲ್ಲೇ ತಡೆಯುತ್ತಾಳೆ: "ರೀ, ಬೀದಿಗೆ ಹೀಗೇನಾ ಹೋಗೋದು? ನೆಟ್ಟಗೆ ಒಂದು ಪ್ಯಾಂಟ್ ಹಾಕ್ಕೊಂಡು ಹೋಗಿ." ತೊಡೆಯ ಮೇಲೆ ಉಗುರಿನಷ್ಟು ಲೋಗೋ ಕೂತು, ಬೆಲೆ ಏಳು ಸಾವಿರ ಆಯಿತು ಅನ್ನಿ. "ಚೆನ್ನಾಗಿದೆ, ನಾಮಕರಣಕ್ಕೂ ಇದನ್ನೇ ಹಾಕ್ಕೊಳ್ಳಿ." ಸೊಂಟದಲ್ಲಿ ಅದೇ ಎಲಾಸ್ಟಿಕ್, ಅದೇ ಲಾಡಿ. ಲಾಡಿಯ ತುದಿಗೆ ಒಂದು ಲೋಹದ ಟೋಪಿ ಹಾಕಿರುತ್ತಾರೆ, ಅಷ್ಟೇ. ನಮ್ಮ ಪಟ್ಟಾಪಟ್ಟಿ ಚಡ್ಡಿಯ ಲಾಡಿಗೆ ಆ ಭಾಗ್ಯ ಇರಲಿಲ್ಲ.

ಪ್ರೀಮಿಯಂ ಎಲ್ಲಿಂದ ಶುರು ಅಂತ ತಲೆ ಕೆಡಿಸಿಕೊಳ್ಳಬೇಡಿ, ಸರ್ಕಾರವೇ ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆಗೆ ಶೇ 5 ಜಿಎಸ್‌ಟಿ, ಅದರಾಚೆಗೆ ಶೇ 18. ಅಂದರೆ 2,500ರ ಜಾಗರ್ ಹಾಕಿದವರು ಜನಸಾಮಾನ್ಯರು, 2,501ರದ್ದು ಹಾಕಿದವರು ಸಾಹುಕಾರರು. ತೆರಿಗೆ ಬಿಟ್ಟು ಏಳು ಸಾವಿರ ಇದ್ದರೆ, ತೆರಿಗೆಯೇ 1,260. ಆ ದುಡ್ಡಿಗೇ ಎರಡು ಕಾಟನ್ ಟ್ರ್ಯಾಕ್ ಪ್ಯಾಂಟ್ ಬರುತ್ತವೆ. ಇರಲಿ, ದೇಶಕ್ಕಾಗಿ ಅಷ್ಟಾದರೂ ಬೆವರು ಸುರಿಸಿದಂತಾಯಿತು.

ಈ ಜಾಗರ್‌ನ ಜೀವಾಳ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ನೂಲು. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಇದನ್ನು ಕಂಡುಹಿಡಿದರು. ಹೆಂಗಸರು ಹೊಟ್ಟೆ, ಸೊಂಟ ಬಿಗಿಯಲು ಹಾಕುತ್ತಿದ್ದ ಒಳ ಉಡುಪಿನ ರಬ್ಬರಿಗೆ ಬದಲಿ ಬೇಕಾಗಿತ್ತು. ಹೊಟ್ಟೆಯನ್ನು ಒಳಗೆ ತಳ್ಳಲು ಹುಟ್ಟಿದ ನೂಲು ಈಗ ಹೊಟ್ಟೆ ಬೆಳೆಯಲು ಜಾಗ ಬಿಟ್ಟುಕೊಡುತ್ತಿದೆ. ಬೆಲ್ಟ್ ಇದ್ದಾಗ ತೂತು ಸಾಲದೆ ಬಂದಾಗಲಾದರೂ ಮನುಷ್ಯನಿಗೆ ಎಚ್ಚರ ಆಗುತ್ತಿತ್ತು. ಜಾಗರ್ ಬಾಯಿ ಬಿಡುವುದಿಲ್ಲ. ಎಷ್ಟು ಮಸಾಲೆ ದೋಸೆ ಹಾಕಿದರೂ ಸುಮ್ನೆ ಹಿಗ್ಗುತ್ತದೆ.

ಒಳಗಡೆ ಹೊಲಿದ ಚೀಟಿಯನ್ನು ಒಮ್ಮೆ ಓದಿ ನೋಡಿ. ತಣ್ಣೀರಲ್ಲಿ ಒಗೆಯಿರಿ. ಒಳಮಗ್ಗುಲು ಹೊರಗೆ ಮಾಡಿ ಒಗೆಯಿರಿ. ಬ್ಲೀಚ್ ಬೇಡ, ಇಸ್ತ್ರಿ ಬೇಡ, ಬಟ್ಟೆ ಮೆತ್ತಗಾಗಿಸುವ ದ್ರಾವಣ ಬೇಡ. ನೆರಳಲ್ಲಿ ಒಣಗಿಸಿ. ಬಾಣಂತಿಗೂ ಇಷ್ಟು ಪಥ್ಯ ಇರಲ್ಲ. ಪಥ್ಯಕ್ಕೆ ಕಾರಣವೂ ಇದೆ. ಬಿಸಿ ತಾಗಿದರೆ ಆ ಹಿಗ್ಗುವ ನೂಲು ಸತ್ತುಹೋಗಿ, ಮಂಡಿಯಲ್ಲಿ ಜೋಲುತ್ತದೆ. ಉಳಿದದ್ದೆಲ್ಲ ಹೆಚ್ಚಾಗಿ ಪಾಲಿಯೆಸ್ಟರ್. ಅದು ನೀರು ಹೀರುವುದಿಲ್ಲ, ಹಾಗಾಗಿ ಬೇಗ ಒಣಗುತ್ತದೆ. ಮೈಯ ಜಿಡ್ಡನ್ನು ಮಾತ್ರ ಬಿಡುವುದಿಲ್ಲ, ಹಾಗಾಗಿ ಒಗೆದರೂ ವಾಸನೆ ಹೋಗಲ್ಲ. ದಿನಾ ಸ್ಕೂಟರ್ ಸೀಟಿಗೆ ಉಜ್ಜಿ ಉಜ್ಜಿ ಹಿಂಭಾಗದಲ್ಲಿ ಸಣ್ಣ ಸಣ್ಣ ಗುಂಜು ಏಳುತ್ತವೆ. ಆ ವಿಷಯದಲ್ಲಿ ಇನ್ನೂರೈವತ್ತರದ್ದಕ್ಕೂ ಏಳು ಸಾವಿರದ್ದಕ್ಕೂ ಭೇದಭಾವ ಜಾಸ್ತಿ ಇಲ್ಲ.

ಈ ಜಾತ್ರೆಯ ದೊಡ್ಡ ತೇರು ಲುಲುಲೆಮನ್ ಎಂಬ ಕಂಪನಿ. 1998ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಯೋಗದ ಹೆಸರಲ್ಲಿ ಶುರುವಾಯಿತು. 2013ರ ಮಾರ್ಚ್‌ನಲ್ಲಿ ಇವರ ಕಪ್ಪು ಯೋಗ ಪ್ಯಾಂಟುಗಳು ಬಗ್ಗಿದರೆ ಒಳಗಿನದೆಲ್ಲ ಕಾಣುವಷ್ಟು ತೆಳ್ಳಗಾಗಿ, ಅಂಗಡಿಗಳಿಂದ ವಾಪಸ್ ತರಿಸಿಕೊಳ್ಳಬೇಕಾಯಿತು. ಅದೇ ವರ್ಷ ಸಂಸ್ಥಾಪಕ ಚಿಪ್ ವಿಲ್ಸನ್ ಟೀವಿಯಲ್ಲಿ ಕೂತು, ಕೆಲವು ಹೆಂಗಸರ ಮೈಕಟ್ಟಿಗೆ ನಮ್ಮ ಪ್ಯಾಂಟು ಆಗಿಬರುವುದಿಲ್ಲ ಎಂಬರ್ಥದ ಮಾತಾಡಿದರು. ದುಡ್ಡೂ ಗಿರಾಕಿಯದು, ತಪ್ಪೂ ಗಿರಾಕಿಯ ತೊಡೆಯದು! ಆಮೇಲೆ ಅಧ್ಯಕ್ಷಗಿರಿ ಬಿಟ್ಟರು. ಗಿರಾಕಿಗಳು ಪ್ಯಾಂಟು ಬಿಡಲಿಲ್ಲ.

ಇನ್ನು ನಮ್ಮ ಊರಿನ ಮರ್ಯಾದೆ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರನ್ನು ಗೇಟಲ್ಲೇ ತಡೆದರು. ಕಾರಣ, ಪಂಚೆ ಉಟ್ಟಿದ್ದರು. ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲೂ ಒಬ್ಬ ರೈತರ ಬಟ್ಟೆ ನೋಡಿ ಒಳಗೆ ಬಿಡಲಿಲ್ಲ. ಗಲಾಟೆ ಆದಮೇಲೆ ಮಾಲ್‌ಗೆ ಏಳು ದಿನ ಬೀಗ ಬಿತ್ತು, ಮೆಟ್ರೊದ ಮೇಲ್ವಿಚಾರಕನ ಕೆಲಸ ಹೋಯಿತು. ಸಿದ್ದರಾಮಯ್ಯ ಪಂಚೆ ಉಟ್ಟೇ ವಿಧಾನಸೌಧದಲ್ಲಿ ಬಜೆಟ್ ಮೇಲೆ ಬಜೆಟ್ ಮಂಡಿಸಿದರು. ಲಕ್ಷಾಂತರ ಕೋಟಿಯ ಲೆಕ್ಕ ಓದಲು ಸಾಕಾದ ಬಟ್ಟೆ ಪಾಪ್‌ಕಾರ್ನ್ ತಿನ್ನಲು ಸಾಲಲಿಲ್ಲ. ಅದೇ ಗೇಟಲ್ಲಿ ಜಾಗರ್ ಹಾಕಿ, ತಲೆ ಬಾಚದೆ, ಹಾಸಿಗೆಯಿಂದ ನೇರ ಎದ್ದು ಬಂದವರಿಗೆ "ಗುಡ್ ಮಾರ್ನಿಂಗ್ ಸರ್". ಮೈ ಮುಚ್ಚುವುದು ಸಭ್ಯತೆಯಲ್ಲ ಸ್ವಾಮಿ, ಎಷ್ಟು ದುಡ್ಡಲ್ಲಿ ಮುಚ್ಚಿದ್ದೀರಿ ಅನ್ನುವುದು ಸಭ್ಯತೆ.

ಹಾಗಾದರೆ ದಿನಬಳಕೆಗೆ ಕೊಳ್ಳಬಹುದಾ? ನಿಜವಾಗಿ ಓಡುವವರಾದರೆ ಧಾರಾಳವಾಗಿ ಕೊಳ್ಳಿ. ಬೆವರು ಬೇಗ ಆರುತ್ತದೆ, ಜಿಪ್ಪಿನ ಜೇಬಿಂದ ಗಾಡಿ ಕೀ ಬೀಳುವುದಿಲ್ಲ. ಆಫೀಸಿನ ಏಸಿಯಲ್ಲಿ ಕೂರುವವರಿಗೆ ಅಪ್ರೈಸಲ್ ದಿನ ಬಿಟ್ಟರೆ ಬೆವರುವ ಸಂದರ್ಭವೇ ಕಡಿಮೆ. ಅವರಿಗೆ ಆರುನೂರು, ಏಳುನೂರರ ಕಾಟನ್ ಸಾಕು. ಅದು ಇಸ್ತ್ರಿಯನ್ನೂ ತಡೆಯುತ್ತದೆ, ಅತ್ತೆ ಮನೆಯ ಬಿಸಿನೀರನ್ನೂ ತಡೆಯುತ್ತದೆ. ಆದರೂ ಮನಸ್ಸು ಕೇಳಲ್ಲ ಅಂದರೆ ಟ್ರಯಲ್ ರೂಮಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ತೊಡೆ ಸಂದಿನ ಹೊಲಿಗೆಯನ್ನು ಎರಡೂ ಕಡೆ ಎಳೆದು ನೋಡಿ. ಲೋಗೋ ಮೇಲೆ ಹೆಬ್ಬೆಟ್ಟು ಇಟ್ಟು ಮುಚ್ಚಿ, ಇದಕ್ಕೆ ಎಷ್ಟು ಕೊಡ್ತಿದ್ದೆ ಅಂತ ಕೇಳಿಕೊಳ್ಳಿ.

ಕೊಂಡೇಬಿಟ್ಟಿರಾ? ಬಿಲ್ಲನ್ನು ಆ ಜಿಪ್ಪಿನ ಜೇಬಲ್ಲೇ ಇಟ್ಟುಕೊಂಡಿರಿ. ಒಂದೆರಡು ವರ್ಷ ಒಗೆದು ಲೋಗೋ ಉದುರಿದ ಮೇಲೆ ಯಾವ ಗೇಟಿನ ಸೆಕ್ಯುರಿಟಿ ಇದನ್ನು ನೈಟ್ ಪ್ಯಾಂಟು ಅಂತಾನೋ, ಹೇಳಕ್ಕಾಗಲ್ಲ.