‘ಅದು ಬೇರೆ ಯೂನಿವರ್ಸ್ ಬಿಡು’ ಅನ್ನುವವರಿಗೆ

ನಿನ್ನೆ ಸಂಜೆ ವಿರಾಜಪೇಟೆಯ ಒಂದು ಬೇಕರಿಯಲ್ಲಿ ಕಂಡದ್ದು ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಹೊರಗೆ ಬಿಡದೆ ಹೊಯ್ಯುವ ಮಳೆ, ಕರೆಂಟಿಲ್ಲ, ಗಾಜಿನ ತುಂಬ ಹಬೆ. ಮೂಲೆಯ ಮೇಜಿನಲ್ಲಿ ಪಿಯುಸಿ ವಯಸ್ಸಿನ ಮೂವರು ಹುಡುಗರು, ಅವರ ನಡುವೆ ಒಂದು ನೋಟ್‌ಬುಕ್. ಪುಟದ ಅಡ್ಡಕ್ಕೆ ಸ್ಕೇಲ್ ಇಟ್ಟು ಎಳೆದ ಪೆನ್ಸಿಲ್ ಗೆರೆ, ಗೆರೆಯ ಮೇಲೆ ಮಾರ್ವೆಲ್ ಸಿನಿಮಾಗಳ ಕಥೆ ನಡೆಯುವ ಇಸವಿಗಳು: 1970, 2012, 2013, 2014, 2018, 2023. 2012ರ ಹತ್ತಿರ ಕೆಳಕ್ಕೊಂದು ಕವಲು, ಅದರ ತುದಿಯಲ್ಲಿ ಆ ಸಿನಿಮಾಗಳ ಖಳನ ಹೆಸರು ಹಿಡಿದು ‘ಲೋಕಿ ಓಡಿದ’ ಅಂತ ಬರೆದಿತ್ತು. ಅವರಲ್ಲಿ ಚಿಕ್ಕವನು ಕೇಳಿದ: ‘ಎಂಡ್‌ಗೇಮ್ ಕೊನೆಯಲ್ಲಿ ಸ್ಟೀವ್ ಐದು ಸೆಕೆಂಡಿಗೆ ಪ್ಲಾಟ್‌ಫಾರ್ಮಿನ ಮೇಲೆ ವಾಪಸ್ ಬರಬೇಕಿತ್ತು. ಬೆಂಚಿನ ಮೇಲೆ ಮುದುಕನಾಗಿ ಹೇಗೆ ಕೂತಿದ್ದ?’

ಪಕ್ಕದ ಮೇಜಿನಿಂದ ಹಿರಿಯರೊಬ್ಬರು, ಈ ಸಿನಿಮಾಗಳನ್ನೆಲ್ಲ ನೋಡಿದವರೇ, ತಿರುಗಿ ಹೇಳಿದರು: ‘ಅದು ಬೇರೆ ಯೂನಿವರ್ಸ್ ಕಣೋ, ಬಿಡು.’

ಹುಡುಗ ಪೆನ್ಸಿಲನ್ನು ಪುಟದೊಳಗಿಟ್ಟು ನೋಟ್‌ಬುಕ್ ಮುಚ್ಚಿದ.

ನನಗೆ ಸಿಟ್ಟು ಬಂದದ್ದು ಆ ಮುಚ್ಚಿದ ನೋಟ್‌ಬುಕ್ ಕಂಡು. ಎಷ್ಟು ಒಳ್ಳೆಯ ಪ್ರಶ್ನೆ ಅದು! ಕ್ಯಾಪ್ಟನ್ ಅಮೆರಿಕ ಆದ ಸ್ಟೀವ್, ಹಿಂದಿನ ಕಾಲಗಳಿಂದ ತಂದಿದ್ದ ಇನ್ಫಿನಿಟಿ ಕಲ್ಲುಗಳೆಂಬ ಮಹಾಶಕ್ತಿಯ ಕಲ್ಲುಗಳನ್ನು ಅಲ್ಲಲ್ಲೇ ವಾಪಸ್ ಇಡಲು ಕಾಲಯಂತ್ರದ ಪ್ಲಾಟ್‌ಫಾರ್ಮಿನಿಂದ ಹೊರಟಿದ್ದ. 2019ರ ಏಪ್ರಿಲ್‌ನಲ್ಲಿ ಸಿನಿಮಾ ಬಂದಾಗಿನಿಂದ ಜಗತ್ತಿನ ಅಭಿಮಾನಿಗಳೆಲ್ಲ ಜಗ್ಗಾಡುತ್ತಿರುವ ಪ್ರಶ್ನೆ. ಸಿನಿಮಾ ಮಾಡಿದವರಿಗೇ ಅದರಲ್ಲಿ ಒಮ್ಮತವಿಲ್ಲ. ಸ್ಟೀವ್ ಬೇರೆ ಕಾಲರೇಖೆಯಲ್ಲಿ ತನ್ನ ಹಳೆಯ ಪ್ರೇಯಸಿ ಪೆಗ್ಗಿಯ ಜೊತೆ ಬಾಳಿ, ಕೊನೆಗೆ ಅಲ್ಲಿಂದ ಇಲ್ಲಿಗೆ ದಾಟಿ ಬಂದ ಅನ್ನುತ್ತಾರೆ ನಿರ್ದೇಶಕರಾದ ರೂಸ್ಸೊ ಸಹೋದರರು. ಚಿತ್ರಕಥೆ ಬರೆದ ಮಾರ್ಕಸ್ ಮತ್ತು ಮೆಕ್‌ಫೀಲಿ ಒಪ್ಪುವುದಿಲ್ಲ. ಅವನು ಇದೇ ಕಾಲರೇಖೆಯಲ್ಲೇ ಯಾರಿಗೂ ಗೊತ್ತಾಗದಂತೆ ಬದುಕಿದ್ದ ಅನ್ನುವುದು ಅವರ ಮಾತು. ಒಂದೇ ದೃಶ್ಯ, ಅದನ್ನು ಬರೆದವರದು ಒಂದು ಉತ್ತರ, ತೆಗೆದವರದು ಇನ್ನೊಂದು. ಇಂಥ ಕಡೆ ‘ಬಿಡು’ ಅನ್ನಲು ಹೇಗಾದರೂ ಮನಸ್ಸು ಬರುತ್ತದೆ?

ಇಲ್ಲಿ ಸಾಕ್ಷಿ ಎಷ್ಟು ದಟ್ಟವಾಗಿದೆ ನೋಡಿ. ಸಿನಿಮಾದ ನಿಯಮವನ್ನು ಸಿನಿಮಾವೇ ಹೇಳಿದೆ. ನೀನು ಹಿಂದಕ್ಕೆ ಹೋದರೆ ಆ ಹಿಂದಿನ ಕಾಲವೇ ನಿನ್ನ ಮುಂದಿನ ಬದುಕು, ಅಲ್ಲಿ ಏನು ಮಾಡಿದರೂ ನೀನು ಬಿಟ್ಟು ಬಂದ ಕಾಲ ಬದಲಾಗದು ಅಂತ ವಿಜ್ಞಾನಿ ಬ್ರೂಸ್ ಬ್ಯಾನರ್ ವಿವರಿಸುತ್ತಾನೆ. ಒಂದು ಕಾಲದಿಂದ ಆ ಕಲ್ಲು ಕಿತ್ತರೆ ಕಾಲರೇಖೆ ಕವಲೊಡೆಯುತ್ತದೆ ಅಂತ ಮಾಂತ್ರಿಕರ ಗುರು ಏನ್ಷಿಯಂಟ್ ಒನ್ ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಾಳೆ. ಈ ನಿಯಮದ ಪ್ರಕಾರ ನಿರ್ದೇಶಕರ ಉತ್ತರಕ್ಕೆ ತೂಕ ಹೆಚ್ಚು. ಇನ್ನು ಗುರಾಣಿ. ಕೊನೆಯ ಯುದ್ಧದಲ್ಲಿ ಮುಖ್ಯ ಖಳ ಥಾನೋಸ್ ತನ್ನ ಎರಡಲಗಿನ ಕತ್ತಿಯಿಂದ ಸ್ಟೀವ್‌ನ ಗುರಾಣಿಯನ್ನು ಅರ್ಧಕ್ಕೆ ಕಡಿದು ಹಾಕಿದ್ದಾನೆ. ಆದರೆ ಬೆಂಚಿನ ಬಳಿ ಮುದುಕ ಸ್ಟೀವ್ ಗೆಳೆಯ ಸ್ಯಾಮ್‌ಗೆ ಕೊಡುವ ಗುರಾಣಿ ಇಡಿಯಾಗಿದೆ. ಹಾಗಾದರೆ ಅದು ಎಲ್ಲಿಂದ ಬಂತು? ಕಥೆಯ ವಕಾಂಡ ದೇಶದವರು ಸರಿಮಾಡಿ ಕೊಟ್ಟಿರಬಹುದು ಅಂತ ವಾದಿಸುವವರಿದ್ದಾರೆ, ವಾದ ಮಾಡಲಿ. ಆದರೆ ಬೇರೆ ಕಾಲರೇಖೆಯಿಂದ ತಂದದ್ದು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ವಸ್ತು ಆ ದೃಶ್ಯದಲ್ಲಿ ಇನ್ನೊಂದಿಲ್ಲ.

ಈಗ ಎದುರು ಪಕ್ಷ. ಬೇರೆ ಕಾಲರೇಖೆಯಿಂದ ಬಂದಿದ್ದರೆ ಪ್ಲಾಟ್‌ಫಾರ್ಮಿನ ಮೇಲೇ ಬರಬೇಕಿತ್ತಲ್ಲ, ಮೈಮೇಲೆ ಆ ಬಿಳಿ ಸೂಟ್ ಇರಬೇಕಿತ್ತಲ್ಲ? ಹುಡುಗ ಕೇಳಿದ್ದು ಸರಿಯಾಗಿ ಇದನ್ನೇ. ಜೊತೆಗೆ 2014ರ ‘ವಿಂಟರ್ ಸೋಲ್ಜರ್’ ತೆಗೆದು ನೋಡಿ. ಮ್ಯೂಸಿಯಮ್ಮಿನಲ್ಲಿ ಪೆಗ್ಗಿಯ 1953ರ ಸಂದರ್ಶನ ಓಡುತ್ತಿರುತ್ತದೆ. ಸ್ಟೀವ್ ಕಾಪಾಡಿದ ಸಾವಿರಕ್ಕೂ ಹೆಚ್ಚು ಸೈನಿಕರಲ್ಲಿ ಮುಂದೆ ತನ್ನ ಗಂಡನಾದವನೂ ಒಬ್ಬ ಅಂತ ಅವಳು ಹೇಳುತ್ತಾಳೆ. ಆ ಗಂಡ ಯಾರು? ಅವಳು ಸತ್ಯವನ್ನೇ ಹೇಳುತ್ತಿದ್ದರೆ ಗಂಡ ಬೇರೆಯವನು, ಬರಹಗಾರರ ಉತ್ತರ ಬೀಳುತ್ತದೆ. ಮನೆಯಲ್ಲಿರುವ ಸ್ಟೀವ್‌ನನ್ನು ಮುಚ್ಚಿಡಲು ಹಾಗೆ ಹೇಳುತ್ತಿದ್ದರೆ ಅವರ ಉತ್ತರ ನಿಲ್ಲುತ್ತದೆ. ನಾಲ್ಕು ವಾಕ್ಯದ ಒಂದು ಹಳೆಯ ತುಣುಕು ಐದು ವರ್ಷದ ನಂತರದ ಸಿನಿಮಾದ ಮೇಲೆ ಇಷ್ಟು ಭಾರ ಹಾಕುತ್ತದೆ. ಕಂಟಿನ್ಯುಟಿ, ಅಂದರೆ ಕಥೆಯಿಂದ ಕಥೆಗಿರುವ ಹೊಂದಿಕೆ, ಹಿಡಿದು ನೋಡುವವರಿಗೆ ಸಿಗುವ ಸುಖ ಇದೇ. ‘ಬೇರೆ ಯೂನಿವರ್ಸ್’ ಅಂದವರಿಗೆ ಇದರಲ್ಲಿ ಒಂದಂಶವೂ ಸಿಗುವುದಿಲ್ಲ, ಕಾಕತಾಳೀಯವಾಗಿ ಅವರ ಉತ್ತರ ನಿರ್ದೇಶಕರ ಉತ್ತರಕ್ಕೆ ಹತ್ತಿರ ಇದ್ದರೂ ಸಹ. ಅವರು ಗುರಾಣಿಯನ್ನೇ ನೋಡಿಲ್ಲ.

ನಮ್ಮ ಜಿಲ್ಲೆಯಲ್ಲಿ ತೋಟ ಇರುವ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಇಂಚು, ಸೆಂಟು ಅಂತ ದಿನವೂ ಬರೆಯುತ್ತಾರೆ. ಒಂದು ದಿನ ಅಳೆಯುವುದು ತಪ್ಪಿದರೆ ಆ ಸಾಲು ಖಾಲಿ ಬಿಡುತ್ತಾರೆಯೇ ಹೊರತು ಪಕ್ಕದ ತೋಟದ ಅಂಕಿ ತಂದು ತುಂಬುವುದಿಲ್ಲ. ಹಾಗೆ ತುಂಬಿದರೆ ಇಡೀ ವರ್ಷದ ಲೆಕ್ಕವೇ ಸುಳ್ಳು. ವಿವರಣೆ ಸಿಗದ ಕಡೆಯಲ್ಲೆಲ್ಲ ಮಲ್ಟಿವರ್ಸ್, ಅಂದರೆ ಬೇರೆ ಬೇರೆ ಯೂನಿವರ್ಸ್‌ಗಳಿವೆ ಅನ್ನುವ ಕಲ್ಪನೆ, ತಂದು ತುಂಬುವುದು ನನ್ನ ಮಟ್ಟಿಗೆ ಪಕ್ಕದ ತೋಟದ ಅಂಕಿ ಬರೆದ ಹಾಗೆ.

ಏಕೆಂದರೆ ಎಡವಟ್ಟುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಬರೀ ತಪ್ಪು. 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ 2012ರ ನ್ಯೂಯಾರ್ಕ್ ಯುದ್ಧ ಮುಗಿದ ಅವಶೇಷಗಳಲ್ಲಿ ಶುರುವಾಗಿ, ‘8 ವರ್ಷಗಳ ನಂತರ’ ಅಂತ ಪರದೆಯ ಮೇಲೆ ಬರೆದು ಮುಂದಕ್ಕೆ ಹಾರುತ್ತದೆ. ಕೂಡಿಸಿದರೆ 2020. ಆದರೆ ಈ ಕಥೆ ನಡೆಯುವುದು ‘ಸಿವಿಲ್ ವಾರ್’ ಆದ ಕೆಲವೇ ತಿಂಗಳಿಗೆ. ಟೋನಿ ತಾನೇ ಐರನ್‌ಮ್ಯಾನ್ ಅಂತ ಹೇಳಿಕೊಂಡು 8 ವರ್ಷ ಆಯಿತು ಅಂತ ವಿಷನ್ ಆ ಸಿನಿಮಾದಲ್ಲಿ ಲೆಕ್ಕ ಕೊಡುತ್ತಾನೆ. 2008ಕ್ಕೆ 8 ಸೇರಿಸಿದರೆ 2016. ಥಾನೋಸ್ ಚಿಟಿಕೆ ಹೊಡೆದು ಅರ್ಧ ಜೀವಿಗಳನ್ನು ಬೂದಿ ಮಾಡಿದ್ದು 2018ರಲ್ಲಿ. ಅಂದರೆ ಸ್ಪೈಡರ್‌ಮ್ಯಾನ್ ಆದ ಪೀಟರ್ ಪಾರ್ಕರ್ 2020ರಲ್ಲಿ ಶಾಲೆಗೆ ಹೋಗುತ್ತಿರಲು ಸಾಧ್ಯವೇ ಇಲ್ಲ, ಆಗ ಅವನು ಬೂದಿ. ಇದಕ್ಕೆ ಯೂನಿವರ್ಸ್ ಬೇಡ. ಕಾರ್ಡ್ ಬರೆದವರ ಲೆಕ್ಕ ತಪ್ಪಿತು ಅಷ್ಟೇ. ಆ 8 ವರ್ಷದ ಲೆಕ್ಕ ಸರಿಯಲ್ಲ ಅಂತ ಜೋ ರೂಸ್ಸೊ ಆಮೇಲೆ ತಾವೇ ಹೇಳಿದರು. ಅಭಿಮಾನಿಗಳು ಬೆರಳು ಮಡಿಸಿ ಎಣಿಸಿ ಹಿಡಿದ ತಪ್ಪು ಅದು, ಅವರ ಬಗ್ಗೆ ನನಗೆ ಹೆಮ್ಮೆಯಿದೆ.

ಕೆಲವು ಉತ್ಪಾದನೆಯ ಸಂಗತಿ. ಟೋನಿಯ ಗೆಳೆಯ ರೋಡಿಯ ಪಾತ್ರ 2008ರಲ್ಲಿ ಟೆರೆನ್ಸ್ ಹೊವರ್ಡ್ ಮಾಡಿದರು, 2010ರಿಂದ ಡಾನ್ ಚೀಡಲ್. ನಟ ಬದಲಾದರು, ಮನುಷ್ಯ ಅದೇ. ‘ಈ ಪಾತ್ರವನ್ನು ಇನ್ನು ಮುಂದೆ ಇವರು ನಿರ್ವಹಿಸುತ್ತಾರೆ’ ಅಂತ ಧಾರಾವಾಹಿಯಲ್ಲಿ ಬಂದಾಗ ನಮ್ಮ ಮನೆಗಳ ಹಿರಿಯರು ಎಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ!

ಇನ್ನು ಕೆಲವನ್ನು ತಯಾರಕರೇ ಗಮನಿಸಿ ಕಥೆಯೊಳಗೇ ರಿಪೇರಿ ಮಾಡುತ್ತಾರೆ. 2011ರ ‘ಥಾರ್’ನಲ್ಲಿ ಓಡಿನ್‌ನ ಭಂಡಾರದಲ್ಲಿ ಕಲ್ಲುಗಳು ಕೂಡಿದ ಇನ್ಫಿನಿಟಿ ಗಾಂಟ್ಲೆಟ್ ಅನ್ನುವ ಲೋಹದ ಕೈಗವಸು ಕಾಣುತ್ತದೆ. 2015ರಲ್ಲಿ ‘ಏಜ್ ಆಫ್ ಅಲ್ಟ್ರಾನ್’ ಮುಗಿದ ಮೇಲೆ ಥಾನೋಸ್ ಕಲ್ಲಿಲ್ಲದ ಗಾಂಟ್ಲೆಟ್ ತೊಡುತ್ತಾನೆ. ಎರಡೂ ಹೇಗೆ ಸಾಧ್ಯ ಅಂತ ಜನ ಕೇಳುತ್ತಲೇ ಇದ್ದರು. 2017ರ ‘ರಾಗ್ನರಾಕ್’ನಲ್ಲಿ ಹೇಲಾ ಭಂಡಾರದೊಳಗೆ ನಡೆದು ಬಂದು, ಅದನ್ನು ಕೈಯಿಂದ ತಳ್ಳಿ ಕೆಡವಿ, ನಕಲಿ ಅಂದುಬಿಡುತ್ತಾಳೆ. ಆರು ವರ್ಷದ ತಕರಾರು ಒಂದು ಪದದಲ್ಲಿ ಮುಗಿಯಿತು. ಕೇಳುತ್ತಾ ಕೂತವರು ಇರದಿದ್ದರೆ ಆ ಪದ ಬರೆಯುವ ಅಗತ್ಯ ಯಾರಿಗೆ ಬೀಳುತ್ತಿತ್ತು?

ಬಾಕಿ ಉಳಿಯುವವೂ ಇವೆ. ‘ಇಟರ್ನಲ್ಸ್’ 2021ರಲ್ಲಿ ಸಮುದ್ರದ ನಡುವೆ ಒಂದು ದೈತ್ಯ ಕಲ್ಲುಮೂರ್ತಿ ಬಿಟ್ಟು ಹೋಯಿತು. ಇಷ್ಟು ದೊಡ್ಡದರ ಬಗ್ಗೆ ಉಳಿದ ಸಿನಿಮಾಗಳಲ್ಲಿ ಯಾಕೆ ಮಾತೇ ಇಲ್ಲ ಅಂದವರಿಗೂ ಇದೇ ಉತ್ತರ ಸಿಗುತ್ತಿತ್ತು, ಅದು ಬೇರೆ ಯೂನಿವರ್ಸ್ ಇರಬೇಕು ಅಂತ. 2025ರ ಫೆಬ್ರವರಿಯಲ್ಲಿ ‘ಬ್ರೇವ್ ನ್ಯೂ ವರ್ಲ್ಡ್’ ಬಂತು. ಇಡೀ ಜಗಳವೇ ಆ ಮೂರ್ತಿಯಲ್ಲಿ ಸಿಕ್ಕ ಅಡಮಾಂಟಿಯಮ್ ಅನ್ನುವ ಲೋಹಕ್ಕಾಗಿ. ಮೂರು ವರ್ಷಕ್ಕೂ ಮಿಕ್ಕಿ ‘ಬಾಕಿ’ ಅಂತ ಬರೆದಿಟ್ಟುಕೊಂಡವರು ಗೆದ್ದರು.

ಮಾರ್ವೆಲ್‌ನವರೇ ಮಲ್ಟಿವರ್ಸ್ ಮಲ್ಟಿವರ್ಸ್ ಅನ್ನುತ್ತಿರುವಾಗ ನಾವು ಅಂದರೆ ತಪ್ಪೇನು ಅಂತ ಕೇಳುತ್ತೀರಿ, ಗೊತ್ತು. ಅದಕ್ಕೆ ‘ವಾಂಡಾವಿಷನ್’ ಸರಣಿ ಸಾಕು. 2021ರ ಫೆಬ್ರವರಿ 5ರ ಕಂತಿನ ಕೊನೆಗೆ ಬಾಗಿಲು ತೆರೆದರೆ ಎದುರಿಗೆ, ವಾಂಡಾಳ ಸತ್ತ ಅವಳಿ ಸಹೋದರನಾಗಿ, ಇವಾನ್ ಪೀಟರ್ಸ್. ಎಕ್ಸ್‌ಮೆನ್ ಸಿನಿಮಾಗಳ ಕ್ವಿಕ್‌ಸಿಲ್ವರ್ ಮಾಡಿದವರು, ಆ ಹಕ್ಕುಗಳಿದ್ದ ಫಾಕ್ಸನ್ನು ಡಿಸ್ನಿ 2019ರಲ್ಲೇ ಕೊಂಡಿತ್ತು. ಎಲ್ಲರೂ ಒಂದೇ ದನಿಯಲ್ಲಿ ಬೇರೆ ಯೂನಿವರ್ಸ್ ಅಂದರು. ಸರಿಯಾಗಿ ನಾಲ್ಕು ವಾರಕ್ಕೆ, ಮಾರ್ಚ್ 5ರಂದು ಗೊತ್ತಾಯಿತು: ಅವನು ವೆಸ್ಟ್‌ವ್ಯೂ ಊರಿನ ರಾಲ್ಫ್ ಬೋನರ್, ಮಾಟಗಾತಿ ಅಗಾಥಾ ಅವನ ಕೊರಳಿನ ಸರದಿಂದ ಅವನನ್ನು ಆಡಿಸುತ್ತಿದ್ದಳು. ಅದರ ಹಿಂದಿನ ಕಂತಿನಲ್ಲೇ ಅಗಾಥಾ ತಾನೇ ಅವನ ಮೂಲಕ ನೋಡುತ್ತಿದ್ದೆ ಅಂತ ಬಾಯಿಬಿಟ್ಟು ಹೇಳಿದ್ದಳು. ಕಿವಿಗೆ ಬಿದ್ದ ಮಾತನ್ನು ಬಿಟ್ಟು, ಬೇಕಾದ್ದನ್ನು ನಂಬಿ, ಕೊನೆಗೆ ಸರಣಿಯೇ ಮೋಸ ಮಾಡಿತು ಅಂತ ಬೈದವರು ಎಷ್ಟು ಜನ!

ಅದೇ ವರ್ಷದ ನವೆಂಬರ್‌ನಲ್ಲಿ ‘ನೋ ವೇ ಹೋಮ್’ ಟ್ರೈಲರ್ ಬಂದಾಗ ಮಲ್ಟಿವರ್ಸ್ ಅಂದವರು ಸರಿಯಿದ್ದರು. ಏಕೆಂದರೆ ಅವರ ಕೈಯಲ್ಲಿ ಸಾಕ್ಷಿ ಇತ್ತು. ಮೂವರು ಖಳರು ಗಾಳಿಯಲ್ಲಿ ಒಬ್ಬನೇ ಪೀಟರ್ ಕಡೆಗೆ ಹಾರುತ್ತಾರೆ, ಆದರೆ ಮೂವರ ನೋಟ ಒಂದೇ ಕಡೆಗಿಲ್ಲ. ಬ್ರೆಜಿಲ್‌ಗೆ ಬಿಟ್ಟ ಟ್ರೈಲರಿನಲ್ಲಂತೂ ಲಿಜರ್ಡ್‌ನ ಮುಖ ಗುದ್ದು ತಿಂದಂತೆ ಪಕ್ಕಕ್ಕೆ ತಿರುಗುತ್ತದೆ, ಗುದ್ದಿದವನು ಮಾತ್ರ ಇಲ್ಲ. ಅಲ್ಲಿದ್ದವರನ್ನು ಅಳಿಸಿದ್ದಾರೆ ಅಂತ ಆ ಕ್ಷಣವೇ ಖಚಿತವಾಯಿತು. ಹಳೆಯ ಸ್ಪೈಡರ್‌ಮ್ಯಾನ್‌ಗಳಾದ ಟೋಬಿ ಮತ್ತು ಆಂಡ್ರ್ಯೂ ಬಂದದ್ದು ಆಮೇಲೆ ನಾವೆಲ್ಲ ನೋಡಿದೆವು.

ಹೀಗೆ ನೋಡಲು ಬರುವುದು ಅಭ್ಯಾಸದಿಂದ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ತೆರೆದು ಟ್ರೈಲರ್ ನಿಲ್ಲಿಸಿ. ಕೀಬೋರ್ಡಿನ ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಹಿಂದೆ. ಸೆಕೆಂಡಿಗೆ 24 ಫ್ರೇಮ್ ಅಂದುಕೊಂಡರೆ ಆ ಗುದ್ದು ನಿಮ್ಮ ಕೈಗೆ ಸಿಗುತ್ತದೆ. ವಿಡಿಯೋ ಗುಣಮಟ್ಟ 1080ಕ್ಕೆ ಇಡಿ. ನಮ್ಮಲ್ಲಿ ಮಳೆಗಾಲಕ್ಕೆ ನೆಟ್‌ವರ್ಕ್ ಬಿದ್ದು 240ಕ್ಕೆ ಇಳಿದಾಗ ಕಪ್ಪು ಹಿನ್ನೆಲೆಯ ಮಸುಕು ಚೌಕಗಳೇ ಯಾರದೋ ಮುಖದ ಹಾಗೆ ಕಾಣುತ್ತವೆ, ಅದನ್ನು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಬೇಡಿ. ಇಸವಿಯ ಲೆಕ್ಕಕ್ಕೆ ಮೂಲ ಭಾಷೆಯ ಆಡಿಯೋ, ಸಬ್‌ಟೈಟಲ್ ಎರಡೂ ಹಾಕಿಕೊಳ್ಳಿ. ತುಟಿಗೆ ಹೊಂದಿಸಲು ಡಬ್ಬಿಂಗಿನಲ್ಲಿ ಮಾತು ಬದಲಾಗಬಹುದು. ಟ್ರೈಲರಿನಲ್ಲಿ ಇದ್ದದ್ದೆಲ್ಲ ಸಿನಿಮಾದಲ್ಲಿ ಇರುತ್ತದೆ ಅಂತಲೂ ಅಲ್ಲ: ‘ಇನ್ಫಿನಿಟಿ ವಾರ್’ ಟ್ರೈಲರಿನಲ್ಲಿ ವಕಾಂಡದ ಬಯಲಲ್ಲಿ ಎಲ್ಲರ ಜೊತೆ ಓಡಿದ ಹಲ್ಕ್ ಸಿನಿಮಾದಲ್ಲಿ ಅಲ್ಲಿ ಇರಲೇ ಇಲ್ಲ. ಮೊದಲು ಸಿನಿಮಾದ ಮಾತು, ಆಮೇಲೆ ಸಿನಿಮಾದ ಚಿತ್ರ, ಆಮೇಲೆ ತಯಾರಕರ ಸಂದರ್ಶನ, ಎಲ್ಲಕ್ಕಿಂತ ಕೊನೆಗೆ ಟ್ರೈಲರ್. ‘ಲೀಕ್’ ಅಂತ ಬರುವ ಪೋಸ್ಟರ್‌ಗಳಿಗೆ ನಾನು ಸಾಲೇ ಕೊಡುವುದಿಲ್ಲ.

ಈಗ ಎಲ್ಲರ ಬಾಯಲ್ಲೂ ಡೂಮ್. ಟೋನಿಯ ಪಾತ್ರ ಮಾಡಿದ್ದ ರಾಬರ್ಟ್ ಡೌನಿ ಜೂನಿಯರ್ ಖಳ ಡಾಕ್ಟರ್ ಡೂಮ್ ಆಗುತ್ತಾರೆ ಅಂತ 2024ರ ಜುಲೈನಲ್ಲಿ ಘೋಷಣೆಯಾದ ಮರುಕ್ಷಣದಿಂದ ‘ಅದು ಬೇರೆ ಯೂನಿವರ್ಸಿನ ಟೋನಿ’ ಅಂತ ತೀರ್ಪು. ಸಾಕ್ಷಿ ಏನು? ಮುಖ ಒಂದೇ. ಮುಖ ಒಂದೇ ಆದರೆ ಮನುಷ್ಯ ಒಂದೇ ಅಂತ ಈ ಸಿನಿಮಾಗಳು ಯಾವತ್ತು ಹೇಳಿವೆ? ಜೆಮ್ಮಾ ಚಾನ್ 2019ರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ನ ಮಿನ್‌ಎರ್ವಾ, 2021ರಲ್ಲಿ ‘ಇಟರ್ನಲ್ಸ್’ನ ಸೆರ್ಸಿ, ಇಬ್ಬರಿಗೂ ಸಂಬಂಧವೇ ಇಲ್ಲ. ಇದ್ದರೂ ಇರಬಹುದು, ಬಾಕಿ ಅಂತ ಬರೆಯಿರಿ, ತೀರ್ಪು ಬರೆಯಬೇಡಿ.

ಒಳಗಿನ ಮಾತು ಹೇಳಿಬಿಡುತ್ತೇನೆ. ನನಗೆ ಇಷ್ಟು ನೋವಾಗುವುದು ಲೆಕ್ಕ ತಪ್ಪುತ್ತದೆ ಅಂತ ಮಾತ್ರ ಅಲ್ಲ. ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್ 1,40,00,605 ಭವಿಷ್ಯಗಳನ್ನು ನೋಡಿ ಗೆಲ್ಲುವುದು ಒಂದರಲ್ಲಿ ಮಾತ್ರ ಅಂತ ಹೇಳಿದಾಗ ಎದೆ ಹಿಂಡಿದ್ದು, ಆ ಒಂದಕ್ಕೆ ಬೆಲೆ ಇತ್ತು ಅಂತ. ಸ್ಟೀವ್ ಆತ್ಮದ ಕಲ್ಲನ್ನು ಹಿಂತಿರುಗಿಸಿದರೂ ಅದಕ್ಕಾಗಿ ಪ್ರಾಣ ಕೊಟ್ಟ ನಟಾಷಾ ಬರಲಿಲ್ಲ. ಸಿನಿಮಾ ಅಷ್ಟು ಗಟ್ಟಿಯಾಗಿ ಆ ಸಾವನ್ನು ಹಿಡಿದುಕೊಂಡಿತು. ಎಲ್ಲದಕ್ಕೂ ಬೇರೆ ಯೂನಿವರ್ಸಿನಲ್ಲಿ ಇನ್ನೊಬ್ಬ ಇದ್ದಾನೆ ಅಂದರೆ ಎಂಡ್‌ಗೇಮ್‌ನಲ್ಲಿ ಸತ್ತ ಟೋನಿಗಾಗಿ ಮೈಸೂರಿನ ಥಿಯೇಟರಿನಲ್ಲಿ ಅತ್ತು, ರಾತ್ರಿ ನೂರಿಪ್ಪತ್ತು ಕಿಲೋಮೀಟರ್ ಮಾತಿಲ್ಲದೆ ಘಟ್ಟ ಹತ್ತಿ ಬಂದ ನಮ್ಮ ಮಡಿಕೇರಿ ಹುಡುಗರ ಕಣ್ಣೀರಿಗೆ ಏನು ಅರ್ಥ?

ಬೇಕರಿಯ ಆ ಹುಡುಗನಿಗೆ ಇದು ತಲುಪಿದರೆ: ನಿನ್ನ ಕವಲು ಸರಿಯಾಗಿದೆ. 2012ರಿಂದ ಲೋಕಿ ಓಡಿದ್ದಕ್ಕೆ 2021ರ ಜೂನ್‌ನಲ್ಲಿ ಬಂದ ‘ಲೋಕಿ’ಯ ಮೊದಲ ಕಂತಿನಲ್ಲೇ ಉತ್ತರವಿದೆ. ಅವೆಂಜರ್ಸ್ ಮಾಡಿದ್ದು ನಡೆಯಬೇಕಾದದ್ದೇ, ನೀನು ಓಡಿದ್ದು ಅಲ್ಲ ಅಂತ ನ್ಯಾಯಾಧೀಶೆ ರವೋನಾ ಅವನ ಮುಖಕ್ಕೇ ಹೇಳುತ್ತಾಳೆ. ಆ ಮಾತನ್ನು ಕವಲಿನ ಪಕ್ಕ ಬರಿ. ಆಮೇಲೆ ಎಂಡ್‌ಗೇಮ್ ಹಾಕು. ಯುದ್ಧದಲ್ಲಿ ಗುರಾಣಿ ತುಂಡಾಗುವ ಜಾಗದಲ್ಲಿ ನಿಲ್ಲಿಸಿ ಅಂಚು ಎಲ್ಲಿಯವರೆಗೆ ಹೋಗಿದೆ ಅಂತ ಪೆನ್ಸಿಲ್ಲಿನಲ್ಲಿ ಬಿಡಿಸಿಕೋ. ಬೆಂಚಿನ ದೃಶ್ಯದಲ್ಲಿ ಮುದುಕ ಚೀಲದಿಂದ ತೆಗೆಯುವಾಗ ಮತ್ತೆ ನಿಲ್ಲಿಸು, ಅದರ ಅಂಚನ್ನೂ ಪಕ್ಕದಲ್ಲೇ ಬಿಡಿಸು. 2023ರ ಕೆಳಗೆ ಇನ್ನೂ ಅರ್ಧ ಪುಟ ಖಾಲಿ ಇತ್ತು, ನಾನು ನೋಡಿದ್ದೇನೆ.