ಹಳದಿ ಮಾರ್ಗದ ವಿದೇಶಾಂಗ ನೀತಿ

ಬೆಂಗಳೂರು ಮೆಟ್ರೊದ ಹಳದಿ ಮಾರ್ಗಕ್ಕೆ ಇನ್ನೊಂದು ರೈಲು ಹೊರಟಿದೆಯಂತೆ. ಕೋಲ್ಕತ್ತಾ ಪಕ್ಕದ ಉತ್ತರಪಾರಾದಲ್ಲಿ ಬೋಗಿಗಳನ್ನು ಟ್ರೇಲರಿಗೆ ಹತ್ತಿಸಿದ ಫೋಟೊ ಬಂತೆಂದರೆ, ಅವು ಹೆಬ್ಬಗೋಡಿ ಡಿಪೊ ಮುಟ್ಟುವವರೆಗೂ ನಮ್ಮ ಪೇಪರುಗಳಿಗೆ ಸುದ್ದಿಯ ಬರವಿಲ್ಲ. ಹೊರಟಿತು, ದಾರಿಯಲ್ಲಿದೆ, ಇನ್ನೇನು ಬಂತು, ಬಂದೇ ಬಿಟ್ಟಿತು, ಬಂದಿದೆ ಆದರೆ ಪರೀಕ್ಷೆ ಬಾಕಿ. ಮದುವೆ ದಿಬ್ಬಣಕ್ಕೂ ಊರವರು ಹೀಗೆ ದಾರಿ ಕಾದಿರಲಿಕ್ಕಿಲ್ಲ.

ನಗುವವರಿಗೆ ಅಂತರರಾಷ್ಟ್ರೀಯ ಸಹಭಾಗಿತ್ವದ ಬೆಲೆ ಗೊತ್ತಿಲ್ಲ. ರೈಲಿನ ವಿನ್ಯಾಸ ಚೀನಾದ್ದು. ಸಿಗ್ನಲ್ ಜರ್ಮನಿಯ ಸೀಮೆನ್ಸ್‌ನದು. ಆ ಸಿಗ್ನಲ್ ಸುರಕ್ಷಿತ ಎಂದು ಪ್ರಮಾಣಪತ್ರ ಕೊಟ್ಟವರು ಇಟಲಿಯವರು. ಜೋಡಣೆ ಬಂಗಾಳದ್ದು. ಸಿಲ್ಕ್ ಬೋರ್ಡ್ ನಿಲ್ದಾಣದಲ್ಲಿ ನಿಂತು ಕಾಯುವ ಕೆಲಸ ಮಾತ್ರ ನೂರಕ್ಕೆ ನೂರು ಸ್ವದೇಶಿ.

ಕಥೆ ನಿಮಗೆ ಗೊತ್ತಿರುವುದೇ. 2019ರಲ್ಲಿ ಚೀನಾ ಸರ್ಕಾರದ ಸಿಆರ್‌ಆರ್‌ಸಿ ಕಂಪನಿ 216 ಬೋಗಿಗೆ 1,578 ಕೋಟಿ ರೂಪಾಯಿ ಎಂದು ಬರೆದು ಟೆಂಡರ್ ಗೆದ್ದಿತು. ಬೋಗಿಗೆ ಸುಮಾರು 7.3 ಕೋಟಿ, ಅಗ್ಗ. ಆರಾರು ಬೋಗಿಯ 36 ರೈಲು, ಅದರಲ್ಲಿ 15 ಹಳದಿ ಮಾರ್ಗಕ್ಕೆ. ಕರಾರಿನ ಷರತ್ತೂ ಚೆನ್ನಾಗಿಯೇ ಇತ್ತು. ಎರಡು ರೈಲು ಅಲ್ಲಿಂದ ತನ್ನಿ, ಮಿಕ್ಕ 34ನ್ನು ಇಲ್ಲೇ ಕಾರ್ಖಾನೆ ಹಾಕಿ ಮಾಡಿ. ಕೈಗಾರಿಕೀಕರಣ ಅಂದರೆ ಇದೇ ತಾನೆ? ಅವರು ಆಂಧ್ರದ ಶ್ರೀಸಿಟಿಯಲ್ಲಿ ಜಾಗ ನೋಡಿದರು. 2020ರ ಏಪ್ರಿಲ್‌ನಲ್ಲಿ ದೆಹಲಿಯಿಂದ ‘ಪ್ರೆಸ್ ನೋಟ್ 3’ ಬಂತು: ಗಡಿ ಹಂಚಿಕೊಂಡ ದೇಶದವರು ಇಲ್ಲಿ ಬಂಡವಾಳ ಹಾಕಬೇಕಾದರೆ ಸರ್ಕಾರದ ಅನುಮತಿ ಬೇಕು. ಜೂನ್‌ನಲ್ಲಿ ಚೀನಾ ಸೈನಿಕರ ಜೊತೆ ಗಲ್ವಾನ್ ಗಡಿ ಘರ್ಷಣೆ ಆಯಿತು. ಕಾರ್ಖಾನೆ ಆಗಲಿಲ್ಲ.

ಇಲ್ಲಿಂದ ಮುಂದಿನದು ಶುದ್ಧ ಆಡಳಿತ ಕಲೆ. ‘ಕಾರ್ಖಾನೆ ಎಲ್ಲಿ?’ ಎಂದು ಬೆಂಗಳೂರಿನಿಂದ ನೋಟಿಸ್. ಕಾರ್ಖಾನೆಗೆ ದೆಹಲಿಯಲ್ಲಿ ಅನುಮತಿ ಇಲ್ಲ. ನಮ್ಮ ಮೆಟ್ರೊದಲ್ಲಿ ರಾಜ್ಯಕ್ಕೆ ಅರ್ಧ ಪಾಲು, ಕೇಂದ್ರಕ್ಕೆ ಅರ್ಧ ಪಾಲು. ಹೀಗಾಗಿ ನೋಟಿಸ್ ಕೊಟ್ಟವರಲ್ಲೂ ಕೇಂದ್ರ ಇತ್ತು, ಬಾಗಿಲು ಹಾಕಿಕೊಂಡದ್ದೂ ಕೇಂದ್ರವೇ. ಚೀನಾದ ಬಗ್ಗೆ ಎಚ್ಚರ ಬೇಡ ಎಂದು ಯಾರೂ ಹೇಳುತ್ತಿಲ್ಲ. ಬೇಡ ಅನ್ನಿಸಿದರೆ ಕರಾರು ಹರಿದು ಹಾಕಿ ಮರುಟೆಂಡರ್ ಕರೆಯಬಹುದಿತ್ತು. ಬೇಕು ಅನ್ನಿಸಿದರೆ ಅನುಮತಿ ಕೊಡಬಹುದಿತ್ತು. ಎರಡೂ ಮಾಡದೆ ಪತ್ರ ಬರೆಯುತ್ತಾ ಕೂರುವ ಮೂರನೆಯ ಮಾರ್ಗ ಕಂಡುಹಿಡಿದದ್ದು ನಾವೇ. ಅದಕ್ಕೂ ಒಂದು ಬಣ್ಣ ಕೊಡಬೇಕು.

ಕೊನೆಗೆ ಬಂಗಾಳದ ಟಿಟಾಗಢ ಕಂಪನಿಯನ್ನು ಜೊತೆಗೆ ಹಾಕಿಕೊಂಡರು. ಸ್ಟೇನ್‌ಲೆಸ್ ಸ್ಟೀಲಿನ ಬೋಗಿ ಎಂದರೆ ಅಡಿಚೌಕಟ್ಟು, ಎರಡು ಪಕ್ಕದ ಗೋಡೆ, ಚಾವಣಿ, ತುದಿಯ ಗೋಡೆಗಳನ್ನು ಬೇರೆ ಬೇರೆ ಮಾಡಿ ಒಂದು ಡಬ್ಬಿಯಾಗಿ ಬೆಸೆಯುವುದು. ತಗಡು ತೆಳು, ವೆಲ್ಡಿಂಗ್ ಬಿಸಿ ಒಂದೇ ಕಡೆ ಜಾಸ್ತಿಯಾದರೆ ಗೋಡೆ ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ, ಆಮೇಲೆ ಬಾಗಿಲ ಚೌಕಟ್ಟು ಕೂರುವುದಿಲ್ಲ. ಅದಕ್ಕೇ ತುಂಡುಗಳನ್ನು ಅಲುಗದಂತೆ ಹಿಡಿದಿಡುವ ಜಿಗ್, ಫಿಕ್ಸ್ಚರ್‌ಗಳಲ್ಲಿ ಬಿಗಿದು, ಯಾವ ಬೆಸುಗೆ ಮೊದಲು ಯಾವುದು ಆಮೇಲೆ ಎಂಬ ಕ್ರಮ ಹಿಡಿದು ಹೋಗಬೇಕು. ಆ ಕ್ರಮ ನಕ್ಷೆಯಲ್ಲಿ ಇರುತ್ತದೆ, ಆದರೆ ಅರ್ಧ. ಇನ್ನರ್ಧ ಅದನ್ನು ನೂರಾರು ಬೋಗಿಗೆ ಮಾಡಿದವನ ಕೈಯಲ್ಲಿರುತ್ತದೆ. ತಂತ್ರಜ್ಞಾನ ವರ್ಗಾವಣೆ ಎಂಬ ದೊಡ್ಡ ಮಾತಿನ ಒಳಗಿರುವುದು ಇಷ್ಟೇ: ಕೈ ಪಳಗಿದ ಒಬ್ಬ ಮನುಷ್ಯ ಬಂದು, ಎದುರು ನಿಂತು, ತೋರಿಸಿ ಹೋಗಬೇಕು.

ಆ ಮನುಷ್ಯನಿಗೆ ವೀಸಾ ಸಿಗಲಿಲ್ಲ.

ತಿಂಗಳುಗಟ್ಟಲೆ ಸಿಗಲಿಲ್ಲ. ಯಂತ್ರ ಬರಬಹುದು, ಬಿಡಿಭಾಗ ಬರಬಹುದು, ಇಡೀ ರೈಲೇ ಚೆನ್ನೈ ಬಂದರಿನಲ್ಲಿ ಇಳಿದು 2024ರ ಫೆಬ್ರುವರಿಯಲ್ಲಿ ಹೆಬ್ಬಗೋಡಿಗೆ ಬರಬಹುದು. ಕಲಿಸುವವನು ಮಾತ್ರ ಅಪಾಯಕಾರಿ. ಲೆಕ್ಕ ಹಾಕಿ ನೋಡಿದರೆ ಸಾಮಾನು ಕೊಂಡು ಕಲಿಯದೇ ಇರುವುದು ಚೀನಾಕ್ಕೂ ಲಾಭವೇ. 2025ರಲ್ಲಿ ಫಾಕ್ಸ್‌ಕಾನ್ ದಕ್ಷಿಣ ಭಾರತದ ಐಫೋನ್ ಘಟಕಗಳಿಂದ ಮುನ್ನೂರಕ್ಕೂ ಹೆಚ್ಚು ಚೀನೀ ಎಂಜಿನಿಯರುಗಳನ್ನು ವಾಪಸ್ ಕರೆಸಿಕೊಂಡ ವರದಿ ಬಂದಾಗ ನಮ್ಮವರು ಹೌಹಾರಿದರು. ಯಾಕೆ? ಇಷ್ಟು ದಿನ ನಾವೇ ತಡೆಯುತ್ತಿದ್ದೆವು, ಈಗ ಅವರೂ ಕೈಜೋಡಿಸಿದರು. ಇದಕ್ಕಿಂತ ಗಾಢ ಸಹಭಾಗಿತ್ವ ಬೇಕೆ?

ರೈಲು ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ತಜ್ಞರ ಸಮಿತಿ ಬೇಡ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿ.ಮೀ. ಹೋಗಿ, ತಿರುಗಿ, ಬರಲು ಹೆಚ್ಚು ಕಡಿಮೆ 75 ನಿಮಿಷ ಹಿಡಿಯಿರಿ. ಮೂರು ರೈಲಿದ್ದರೆ 25 ನಿಮಿಷಕ್ಕೊಂದು. 2025ರ ಆಗಸ್ಟ್ 10ರಂದು ಪ್ರಧಾನಿ ಉದ್ಘಾಟಿಸಿದ್ದು ಇದನ್ನೇ. ನಾಲ್ಕಾದಾಗ 19 ನಿಮಿಷ, ಐದಾದಾಗ 15. ಹದಿನೈದೂ ಬಂದರೆ ಐದು. ಮಾರ್ಗ ಕಟ್ಟಿದ್ದೇ ಹಾಗೆ ಬೆನ್ನು ಬೆನ್ನಿಗೆ ರೈಲು ಓಡಲಿ ಎಂದು. ಏಳು ಸಾವಿರ ಕೋಟಿ ಸುರಿದ ಕಂಬ, ಹಳಿ, ನಿಲ್ದಾಣ ಎಲ್ಲ ಸಿದ್ಧವಾಗಿ ನಿಂತು, ಸಾಲದ ಬಡ್ಡಿ ಮಾತ್ರ ಹೊತ್ತಿಗೆ ಸರಿಯಾಗಿ ಓಡುತ್ತಿತ್ತು.

ಬಡ್ಡಿಯ ಜೊತೆ ಟಿಕೆಟ್ ದರವೂ ಓಡಿತು. 2025ರ ಫೆಬ್ರುವರಿ 9ಕ್ಕೇ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಹಳದಿ ಮಾರ್ಗಕ್ಕೆ ದರ ರೈಲಿಗಿಂತ ಆರು ತಿಂಗಳು ಮುಂಚೆ ಬಂದು ಕಾಯುತ್ತಿತ್ತು. ಅದೇ ವಾರ ಅರಮನೆ ಮೈದಾನದಲ್ಲಿ ಬಂಡವಾಳ ಹೂಡಿಕೆದಾರರ ಸಮಾವೇಶ. ಮೈಸೂರು ಪೇಟ, ಗಂಧದ ಹಾರ, ಇಬ್ಬರು ಹಿಡಿದು ಒಂದೇ ಕಡೆ ನೋಡಿ ನಗುವ ಆ ಫೈಲು. ಒಳಗೆ ಏನಿದೆ ಎಂದು ಯಾರೂ ತೆರೆದು ತೋರಿಸಿದ್ದಿಲ್ಲ. ಖಾಲಿ ಇದ್ದರೂ ಸಹಿ ನಿಲ್ಲುತ್ತದೆ, ಯಾಕೆಂದರೆ ಒಡಂಬಡಿಕೆ ಪತ್ರಕ್ಕೆ ಕೋರ್ಟಿನಲ್ಲಿ ಹಿಡಿದು ಕೇಳುವ ಬಲ ಸಾಮಾನ್ಯವಾಗಿ ಇರುವುದಿಲ್ಲ. ಒಟ್ಟು ಮೊತ್ತ 10.27 ಲಕ್ಷ ಕೋಟಿ ಎಂದು ಸಾರಿದರು. ಹೊರಗೆ ಹಳ್ಳಾರಿ ರಸ್ತೆಯಲ್ಲಿ... ಕ್ಷಮಿಸಿ, ಬಳ್ಳಾರಿ ರಸ್ತೆಯಲ್ಲಿ ವಾಹನಗಳು ನಿಂತಲ್ಲೇ ನಿಂತಿದ್ದವು.

ಹಾಗೆಂದು ಈ ಊರಿಗೆ ಇದೆಲ್ಲ ಹೊಸ ವಿದ್ಯೆಯಲ್ಲ. ಎಚ್‌ಎಂಟಿ ಶುರುವಾದದ್ದು ಸ್ವಿಸ್ ಕಂಪನಿ ಓರ್ಲಿಕಾನ್ ಜೊತೆಗೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಗಡಿಯಾರ ಹಿಡಿದರು. ಮೊದಲು ಅಲ್ಲಿನ ಬಿಡಿಭಾಗ ಜೋಡಿಸಿದರು, ಆಮೇಲೆ ಇಲ್ಲೇ ಮಾಡಿದರು. ಮೆಟ್ರೊ ಬೋಗಿಯ ಮಾತೇ ಆಡುವುದಾದರೆ, ದೆಹಲಿ ಮೆಟ್ರೊದ ಮೊದಲ ರೈಲುಗಳು ಕೊರಿಯಾದಿಂದ ಬಂದವು, ನಂತರದವನ್ನು ಅಲ್ಲಿನ ರೋಟೆಮ್ ಕಂಪನಿಯಿಂದ ಕಲಿತು ಮಾಡಿದ್ದು ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಂಎಲ್. ನೇರಳೆ, ಹಸಿರು ಮಾರ್ಗದ ಮೊದಲ ಹಂತದ ರೈಲುಗಳೂ ಬಿಇಎಂಎಲ್‌ನವೇ. ನ್ಯೂ ತಿಪ್ಪಸಂದ್ರದಲ್ಲಿ ಬೋಗಿ ಕಾರ್ಖಾನೆ ಇಟ್ಟುಕೊಂಡು ನಾವು ಉತ್ತರಪಾರಾದ ಟ್ರೇಲರ್ ಎಲ್ಲಿಗೆ ಬಂತು ಎಂದು ಮೊಬೈಲ್ ಒತ್ತುತ್ತಿದ್ದೇವೆ. ಟೆಂಡರ್ ನಿಯಮ, ಕಡಿಮೆ ಬೆಲೆ, ಎಲ್ಲ ಸರಿ. ತಡವಾದ ವರ್ಷಗಳ ಬಡ್ಡಿ, ಸಿಲ್ಕ್ ಬೋರ್ಡಿನಲ್ಲಿ ಸುಟ್ಟ ಪೆಟ್ರೋಲು, ದಿನಾ ಎರಡೆರಡು ಗಂಟೆ ಬಸ್ಸಿನಲ್ಲಿ ನೇತಾಡಿದ ಕಾರ್ಖಾನೆ ಹುಡುಗಿಯರ ಆಯಸ್ಸು, ಇವುಗಳನ್ನು ಆ 7.3 ಕೋಟಿಗೆ ಕೂಡಿಸಿದವರು ಯಾರು? ಯಾರೂ ಇಲ್ಲ. ಒಬ್ಬ ಅಧಿಕಾರಿಯ ಬಡ್ತಿಯೂ ನಿಲ್ಲಲಿಲ್ಲ.

ಮುಂದಿನ ಸಮಾವೇಶದಲ್ಲಿ ಸಹಿ ಹಾಕುವ ಮೇಜಿನ ಪಕ್ಕ ಒಂದು ವೀಸಾ ಕೌಂಟರ್ ಇಡಲಿ. ಕಲಿಸಲು ಬರುವವರು ಎಷ್ಟು ಜನ, ಎಷ್ಟು ತಿಂಗಳು ಇರುತ್ತಾರೆ, ಅವರು ಹೋದ ಮೇಲೆ ಜಿಗ್ ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ ಎಂದು ಬರೆದುಕೊಡದವರ ಫೈಲಿಗೆ ಫೋಟೊ ಇಲ್ಲ ಎಂದು ಹೇಳಲಿ. ಮೊತ್ತ ಹತ್ತು ಲಕ್ಷ ಕೋಟಿ ದಾಟಲಿಕ್ಕಿಲ್ಲ. ಮರುದಿನದ ಪೂರ್ಣಪುಟದ ಜಾಹೀರಾತು ಕಾಲುಪುಟಕ್ಕೆ ಇಳಿಯುತ್ತದೆ, ಪತ್ರಿಕೆಯವರಿಗೆ ಸ್ವಲ್ಪ ನಷ್ಟ.