ಮೂರು ಪದರ ಮೇಣ

ಕಾರಿನ ಅಲಾಯ್ ಚಕ್ರಕ್ಕೆ ತೆಳ್ಳಗೆ ಒಂದು ಪದರ ಹಚ್ಚಿದರೆ ಸಾಕು ಅಂತ ಮೇಣದ ಡಬ್ಬಿಯ ಮೇಲೇ ಬರೆದಿತ್ತು. ನಾನು ಮೂರು ಹಚ್ಚಿದೆ. ಹಚ್ಚುವಾಗ ಇದ್ದ ಹುರುಪು ಒರೆಸುವಾಗ ಇರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಸಂದಿಗಳಲ್ಲಿ ಮೇಣ ಗಟ್ಟಿಯಾಗಿ ಕೂತು, ಅದರ ಮೇಲೆ ಬ್ರೇಕಿನ ಕಪ್ಪು ಪುಡಿ ಮೆತ್ತಿ, ಚಕ್ರ ಹುಳುಕು ಹಲ್ಲಿನ ಹಾಗೆ ಕಾಣತೊಡಗಿತು.

ಅಷ್ಟರಲ್ಲಿ ಮೇಣದ ಬದಲು ಹಚ್ಚುವ ಹೊಸ ಲೇಪ, ಸೀಲೆಂಟ್, ತಂದಿದ್ದೆ. ಹಳೆಯದು ಪೂರ್ತಿ ಹೋಗದೆ ಅದು ಸರಿಯಾಗಿ ಅಂಟಲ್ಲ. ಸರಿ, ಶಾಂಪೂ ಹಾಕಿ ಅರ್ಧ ಗಂಟೆ ಉಜ್ಜಿದೆ. ನೀರು ಚಿಮುಕಿಸಿದರೆ ಹನಿಗಳು ಮುತ್ತಿನಂತೆ ದುಂಡಗೆ ನಿಂತು ನನ್ನನ್ನೇ ನೋಡಿದವು. ಅಂದರೆ ಮೇಣ ಕ್ಷೇಮ. ಕಾರಿನ ಶಾಂಪೂವನ್ನು ಮೇಣ ಕೀಳದ ಹಾಗೇ ಮೆದುವಾಗಿ ಮಾಡಿರುತ್ತಾರಂತೆ! ಅರ್ಧ ಗಂಟೆ ನಾನು ಮೇಣಕ್ಕೆ ಸ್ನಾನ ಮಾಡಿಸಿದ್ದೆ, ಅಷ್ಟೇ.

ನಾನು ಹಚ್ಚಿದ್ದು ಕಾರ್ನೌಬಾ, ಅಂದರೆ ಒಂದು ಜಾತಿಯ ತಾಳೆ ಎಲೆಯ ಮೇಣ; ಅದು ಕರಗಲು 80 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಬಿಸಿನೀರು ತಂದೆ. ಚಕ್ರದ ಲೋಹ ಆ ಬಿಸಿಯನ್ನೆಲ್ಲ ಕುಡಿದು ಸುಮ್ನೆ ಕೂತಿತು. ಉಳಿದ ನೀರು ನನ್ನ ಕಾಲಿನ ಮೇಲೆ ಬಿತ್ತು.

ಆಮೇಲೆ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ತೆಗೆಯುವ ಸ್ಪ್ರೇ. ಹೊಡೆದ ಎರಡೇ ನಿಮಿಷಕ್ಕೆ ಚಕ್ರದಿಂದ ನೇರಳೆ ಬಣ್ಣ ಒಸರಿತು. ಮೊದಲು ಚುಕ್ಕೆ, ಆಮೇಲೆ ಗೆರೆ, ಆಮೇಲೆ ಧಾರೆ. ಅದರ ಜೊತೆಗೇ ಕೊಳೆತ ಮೊಟ್ಟೆಯ ವಾಸನೆ. ಅದು ಗಂಧಕದ ರಾಸಾಯನಿಕ, ಕಬ್ಬಿಣ ಸಿಕ್ಕಿದರೆ ಬಣ್ಣ ತಿರುಗುತ್ತದೆ. ಇದನ್ನು ವಿವರಿಸುವ ಮೊದಲೇ ಮಗಳು ಕಿರುಚಿದಳು, "ಅಮ್ಮಾ, ಕಾರಿಗೆ ರಕ್ತ ಬರ್ತಿದೆ!"

ಹೆಂಡತಿ ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡಳು. "ರೀ, ಸತ್ತಿದ್ದು ಯಾರು?"

ಇಷ್ಟೆಲ್ಲ ಆದಮೇಲೂ ಸ್ಪ್ರೇ ತೆಗೆದದ್ದು ಕಬ್ಬಿಣದ ಪುಡಿಯನ್ನು ಮಾತ್ರ. ಮೇಣ ಅಲ್ಲೇ ಇತ್ತು.

ಕೊನೆಗೆ ಕೈ ಹಿಡಿದದ್ದು ಡಾಂಬರಿನ ಕಲೆ ತೆಗೆಯುವ ದ್ರಾವಕ. ಚಕ್ರ ತಣ್ಣಗಿರುವಾಗ ಬಟ್ಟೆಗೆ ಹಾಕಿಕೊಂಡು, ಬ್ರೇಕ್ ಡಿಸ್ಕಿಗೆ ತಾಗದಂತೆ ಒರೆಸಬೇಕು. ಮೊದಲ ಸಲ ಒರೆಸಿದಾಗ ಬಟ್ಟೆಗೆ ಕಂದು ಜಿಡ್ಡು ಬಂತು ನೋಡಿ, ಕಿವಿಯ ಗುಗ್ಗೆ ಹೊರಬಂದಷ್ಟು ಹಿತವಾಯಿತು. ಸಂದಿಗೆ ಹಳೆ ಟೂತ್‌ಬ್ರಷ್. ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಇನ್ನೊಂದು ಸಲ ಒರೆಸಿ ನೀರು ಚಿಮುಕಿಸಿದೆ. ಮುತ್ತುಗಳಿಲ್ಲ. ನೀರು ತೆಳ್ಳಗೆ ಹರಡಿ ಜಾರಿಹೋಯಿತು.

ಹೀಗೆ ಮೂರು ಚಕ್ರ ಮುಗಿಸುವಷ್ಟರಲ್ಲಿ ದ್ರಾವಕವೂ ಖಾಲಿ, ಮೊಣಕಾಲೂ ಖಾಲಿ.

ನಾಲ್ಕನೆಯದು ಹಿಂದಿನ ಎಡಗಡೆಯದು. ಇತ್ತೀಚೆಗೆ ಕಾರನ್ನು ರಿವರ್ಸಿನಲ್ಲೇ ಒಳಗೆ ತಂದು, ಎಡಗಡೆ ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದೇನೆ. ಹೀಗ್ಯಾಕೆ ಅಂತ ಹೆಂಡತಿ ಕೇಳಿದಳು. ನೆರಳಿಗೆ ಅಂದೆ. ಆಗ ರಾತ್ರಿ ಎಂಟು ಗಂಟೆ.